ಬೇರು ತಾನೇ, ಡಾಕ್ಟರಿಗೆ ಯಾಕೆ ಹೇಳ್ಬೇಕು?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: "ನನಗೆ 58 ವರ್ಷ. ಆರು ತಿಂಗಳಿಂದ ಖಿನ್ನತೆಗೆ ಎಸಿಟಲೋಪ್ರಾಮ್ 10 ಮಿಲಿಗ್ರಾಂ ಮಾತ್ರೆ ತಗೊಳ್ತಿದ್ದೇನೆ. ಅಮೆರಿಕದಿಂದ ಬಂದ ಮಗಳು ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆಯ ಕ್ಯಾಪ್ಸೂಲ್ ತಂದುಕೊಟ್ಟಿದ್ದಾಳೆ. ಎರಡೂ ತಗೊಂಡರೆ ಬೇಗ ಗುಣ ಆಗುತ್ತಾ? ವಾರಕ್ಕೆರಡು ಸಲ ಒಂದೆಲಗದ ತಂಬುಳಿ ಮಾಡ್ತೀನಿ, ಅದನ್ನೂ ಬಿಡಬೇಕಾ?"

ನಮಸ್ಕಾರ ಅಮ್ಮ. ಆ ಕ್ಯಾಪ್ಸೂಲ್ ಬಾಟಲಿ ಇನ್ನೂ ತೆರೆದಿಲ್ಲವಾದರೆ ಹಾಗೇ ಎತ್ತಿಡಿ. ಶುರು ಮಾಡಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಡಾಕ್ಟರು ಕೊಟ್ಟ ಖಿನ್ನತೆಯ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ನಾನು ಪತ್ರಿಕೆ ನಡೆಸುವವನು, ವೈದ್ಯನಲ್ಲ. ಆದರೆ ಈ ಗಿಡದ ಕಥೆ ಗುಟ್ಟಿನದೇನಲ್ಲ. ಯುರೋಪಿನ ಹಳದಿ ಹೂವಿನ ಗಿಡ. ಜೂನ್ 24ರ ಸಂತ ಜಾನ್ ಹಬ್ಬದ ಹೊತ್ತಿಗೆ ಹೂ ಬಿಡುತ್ತದೆ, ಅದಕ್ಕೇ ಆ ಹೆಸರು. ಜರ್ಮನಿಯಲ್ಲಿ ಸೌಮ್ಯ ಖಿನ್ನತೆಗೆ ಡಾಕ್ಟರುಗಳೇ ಬರೆದುಕೊಡುತ್ತಾರೆ. ಪೊಳ್ಳು ಔಷಧಿಯಾಗಿದ್ದರೆ ದುಡ್ಡು ಹೋಯಿತು ಅಂತ ಸುಮ್ನಿರಬಹುದಿತ್ತು. ಇದು ಕೆಲಸ ಮಾಡುತ್ತದೆ, ತೊಂದರೆ ಇರುವುದೇ ಅಲ್ಲಿ.

ಮೆದುಳಿನಲ್ಲಿ ಸೆರೊಟೋನಿನ್ ಅನ್ನುವ, ಮನಸ್ಸಿನ ಸ್ಥಿತಿಗೆ ಸಂಬಂಧಪಟ್ಟ ರಾಸಾಯನಿಕ ಬೇಗ ಖಾಲಿಯಾಗದಂತೆ ನಿಮ್ಮ ಮಾತ್ರೆ ತಡೆಯುತ್ತದೆ. ಈ ಗಿಡವೂ ಹೆಚ್ಚುಕಮ್ಮಿ ಅದನ್ನೇ ಮಾಡುತ್ತದೆ. ಕೆರೆಯ ತೂಬನ್ನು ಒಬ್ಬರು ಅರ್ಧ ಮುಚ್ಚಿದ್ದಾರೆ, ಇನ್ನೊಬ್ಬರು ಬಂದು ಉಳಿದದ್ದನ್ನೂ ಮುಚ್ಚಿದರೆ ಕೋಡಿ ಬೀಳುತ್ತೆ ಅಲ್ವಾ? ಸೆರೊಟೋನಿನ್ ಹಾಗೆ ಮಿತಿಮೀರಿದರೆ ಕೈ ನಡುಕ, ವಿಪರೀತ ಬೆವರು, ಎದೆಬಡಿತ, ಭೇದಿ, ಕೂತಲ್ಲಿ ಕೂರಲಾಗದ ಚಡಪಡಿಕೆ. ಜಾಸ್ತಿಯಾದರೆ ಜ್ವರ ಏರಿ, ಮೈ ಸೆಟೆದು, ಮಾತು ಅಡ್ಡಾದಿಡ್ಡಿಯಾಗುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೇ ಕಾಣಿಸಿಕೊಳ್ಳುತ್ತದೆ. ಹಾಗೇನಾದರೂ ಆದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಕಿತಾಪತಿ ಲಿವರಿನಲ್ಲಿ. ಬೇರೆ ಔಷಧಿಗಳನ್ನು ಲಿವರು ಬೇಗ ಬೇಗ ಕರಗಿಸಿಬಿಡುವಂತೆ ಈ ಗಿಡ ಮಾಡುತ್ತದೆ. 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಚ್‌ಐವಿಯ ಇಂಡಿನಾವಿರ್ ಮಾತ್ರೆಯ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಂತ ಕೆಳಗಿಳಿದಿತ್ತು. ಆಗಲೇ ಅಮೆರಿಕ ಸರ್ಕಾರದ ಔಷಧ ಇಲಾಖೆ ಡಾಕ್ಟರುಗಳಿಗೆ ಎಚ್ಚರಿಕೆ ಕೊಟ್ಟಿತು. ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ವಾರ್ಫರಿನ್‌ಗೂ ಗರ್ಭನಿರೋಧಕ ಮಾತ್ರೆಗೂ ಇದೇ ಗತಿ. ಕ್ಯಾಪ್ಸೂಲ್ ಬಿಟ್ಟಮೇಲೂ ಎರಡು ವಾರದಷ್ಟು ಇದರ ಪ್ರಭಾವ ಉಳಿಯಬಹುದು.

ತಂಬುಳಿ ಬಿಡಬೇಡಿ! ಮಜ್ಜಿಗೆಗೆ ಅರೆದು ಹಾಕುವ ಒಂದು ಹಿಡಿ ಸೊಪ್ಪೇ ಬೇರೆ, ಸತ್ವ ಇಳಿಸಿ ತುಂಬಿದ ಕ್ಯಾಪ್ಸೂಲೇ ಬೇರೆ. ಅಶ್ವಗಂಧದ ಮಾತ್ರೆಯೇನಾದರೂ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಮಂಪರು ಹೆಚ್ಚಬಹುದು, ಥೈರಾಯ್ಡ್ ಏರುಪೇರಾಗಬಹುದು, ಲಿವರಿಗೆ ಪೆಟ್ಟು ಬಿದ್ದ ಉದಾಹರಣೆಗಳೂ ಇವೆ.

ನಮ್ಮಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗಲೆಲ್ಲ ಇದೇ ಆಗುತ್ತಿತ್ತು. "ಬೇರೆ ಏನಾದ್ರೂ ತಗೋತೀರಾ?" ಅಂತ ಅವರು ಕೇಳುವುದು, "ಏನಿಲ್ಲಪ್ಪ" ಅಂತ ಅಮ್ಮ ಅನ್ನುವುದು. ಚೂರ್ಣದ ಡಬ್ಬಿ ಕಾಲ ಬಳಿಯ ಚೀಲದಲ್ಲೇ ಇರುತ್ತಿತ್ತು. ಹೊರಗೆ ಬಂದು ಕೇಳಿದರೆ, "ಅದು ಔಷಧಿ ಅಲ್ವಲ್ಲೋ, ಬೇರು."

ನೀವು ಹಾಗೆ ಮಾಡಬೇಡಿ. ಮುಂದಿನ ಸಲ ಹೋಗುವಾಗ ಬಾಟಲಿಯನ್ನೇ ಒಯ್ದು ಮೇಜಿನ ಮೇಲಿಡಿ. ನಡುವೆ ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗಳ ಮೇಲೆ ಸಿಟ್ಟಾಗಬೇಡಿ. ಅಲ್ಲಿ ಇದು ಚೀಟಿ ಇಲ್ಲದೆ, ವಿಟಮಿನ್ ಮಾತ್ರೆಗಳ ಸಾಲಿನಲ್ಲೇ ಸಿಗುತ್ತದೆ.

— ಸಂ.