ಮಂಚದಡಿಯ 412 ಪ್ರತಿಗಳು

ಶಾಲಾ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಸ್ವಂತ ದುಡ್ಡಲ್ಲಿ ಕಥಾಸಂಕಲನ ಮಾಡಿಸಿದೆ. 500 ಪ್ರತಿಯಲ್ಲಿ 412 ಮಂಚದಡಿ ಇವೆ. ಹೋದದ್ದೆಲ್ಲ ಪುಕ್ಕಟೆಯಾಗಿಯೇ. ಮುಖಪುಟವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ ಹತ್ತೇ ನಿಮಿಷಕ್ಕೆ ತೆಗೆದುಬಿಟ್ಟೆ. ನನ್ನ ಪುಸ್ತಕ ಕೊಳ್ಳಿ ಅಂತ ನಾನೇ ಹೇಗೆ ಹೇಳಲಿ? ಮೂರನೇ ಕಥೆಯ ಅತ್ತೆ ಯಾರು ಅಂತ ಯಾರಾದರೂ ಕೇಳಿದರೆ? ದಯವಿಟ್ಟು ನನ್ನ ಹೆಸರು ಹಾಕಬೇಡಿ."

ಮೇಡಂ, ಹೆಸರು ಹಾಕಿಲ್ಲ. ಆದರೆ 500 ಮುಖಪುಟಗಳ ಮೇಲೆ ಅಚ್ಚಾದ ಹೆಸರನ್ನು ಪತ್ರದ ಕೆಳಗೆ ಬೇಡ ಅಂದಿರಲ್ಲ, ಸ್ವಲ್ಪ ನಗು ಬಂತು. ಆಮೇಲೆ ಮುದ್ದಣ ನೆನಪಾದ.

ಮನೋರಮೆಗೆ ಕಥೆ ಹೇಳುವ ಮುದ್ದಣನನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಅವನ ನಿಜವಾದ ಹೆಸರು ನಂದಳಿಕೆ ಲಕ್ಷ್ಮೀನಾರಾಯಣಪ್ಪ. ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರು. ತಾನೇ ಬರೆದ ಕಾವ್ಯಗಳನ್ನು ಯಾರೋ ಹಳೆಯ ಕವಿಯದ್ದು ಅಂತ ಹೇಳಿ ಮೈಸೂರಿನ ಪತ್ರಿಕೆಗೆ ಕಳಿಸಿದ. ಡ್ರಿಲ್ ಮೇಷ್ಟ್ರು ಬರೆದದ್ದನ್ನು ಪಂಡಿತರು ಒಪ್ಪುತ್ತಾರಾ ಅನ್ನುವ ಅಳುಕು ಇದ್ದಿರಬೇಕು. 1901ರಲ್ಲಿ, 31ನೇ ವಯಸ್ಸಿಗೆ ತೀರಿಕೊಂಡ. ಗುಟ್ಟು ಬಯಲಾದದ್ದು ಆಮೇಲೆ. ನೋಡಿ, ಅವನು ತನ್ನನ್ನು ಬಚ್ಚಿಟ್ಟುಕೊಂಡ, ಕಾವ್ಯವನ್ನು ಬಚ್ಚಿಡಲಿಲ್ಲ. ನೀವು ಮಾಡಿರುವುದು ಉಲ್ಟಾ. ನಾಚಿಕೆ ಇದ್ದರೆ ಇರಲಿ, ನೀವು ಮನೆಯಲ್ಲೇ ಇರಿ. ಪುಸ್ತಕ ಯಾಕೆ ಮನೆಯಲ್ಲಿರಬೇಕು?

ಇನ್ನು ಕೊಳ್ಳಿ ಅನ್ನುವ ಮಾತು. ಗಳಗನಾಥರೂ ಮೇಷ್ಟ್ರಾಗಿದ್ದವರೇ. ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರನ್ನು ಹೊಗಳಿ ಭಾಷಣ ಮಾಡುವ ನಾವೇ ನಮ್ಮ ಪುಸ್ತಕದ ಬೆಲೆ ಹೇಳುವಾಗ ಮಾತ್ರ ತೊದಲುತ್ತೇವೆ. ಗೌರವ ಪ್ರತಿ ಹಂಚುವುದನ್ನು ಇವತ್ತೇ ನಿಲ್ಲಿಸಿ. ಪುಕ್ಕಟೆ ಬಂದ ಪುಸ್ತಕ ಟೀವಿ ಪಕ್ಕ ಕೂರುತ್ತದೆ. ದುಡ್ಡು ಕೊಟ್ಟವರು ಬೈಯುವುದಕ್ಕಾದರೂ ಓದುತ್ತಾರೆ.

ಅತ್ತೆ ಯಾರು ಅಂತ ಖಂಡಿತ ಕೇಳುತ್ತಾರೆ. ನನ್ನ ಮೊದಲ ಸಂಕಲನದಲ್ಲಿ ಒಬ್ಬ ಜಿಪುಣ ಇದ್ದ. ನಮ್ಮ ಚಿಕ್ಕಪ್ಪ ಅದು ತಾನೇ ಅಂದುಕೊಂಡು ಎರಡು ತಿಂಗಳು ಮಾತು ಬಿಟ್ಟರು. ನಿಜವಾಗಿ ಅದು ನಮ್ಮ ಹಳೆ ಮನೆಯ ಓನರ್! ಆಮೇಲೆ ಚಿಕ್ಕಪ್ಪನೇ ಐದು ಪ್ರತಿ ಕೊಂಡು, "ಇದರಲ್ಲಿ ನಾನಿದ್ದೀನಿ" ಅಂತ ಹಂಚಿದರು. ಪೂರ್ತಿ ದುಡ್ಡು ಕೊಡಲಿಲ್ಲ, ಅದು ಬೇರೆ ಮಾತು.

ನಿಮ್ಮ ಹೆದರಿಕೆ ಗುರುತಿನವರದ್ದು. ಹಾಗಾದರೆ ಗುರುತಿಲ್ಲದವರಿಂದ ಶುರು ಮಾಡಿ. ಸ್ಟೇಟಸ್‌ಗೆ ಮುಖಪುಟ ಬೇಡ, ಅಭಿನಂದನೆಯ ಹೂವಿನ ಚಿತ್ರ ಬಂದು ಅಲ್ಲಿಗೇ ಮುಗಿಯುತ್ತದೆ. ಫೇಸ್‌ಬುಕ್ಕಿನಲ್ಲಿ ಒಂದು ಕಥೆಯ ಅರ್ಧ ಪುಟ ಹಾಕಿ. ಜಗಳ ಶುರುವಾಗುವ ಕಡೆ ನಿಲ್ಲಿಸಿ. ಕೆಳಗೆ ಬೆಲೆ, ಯುಪಿಐ ನಂಬರ್, ಅಷ್ಟೇ. "ನನ್ನದೊಂದು ಪುಟ್ಟ ಪ್ರಯತ್ನ" ಅಂತ ಮಾತ್ರ ಬರೆಯಬೇಡಿ. ಪುಟ್ಟ ಪ್ರಯತ್ನಕ್ಕೆ ಯಾರು 150 ರೂಪಾಯಿ ಕೊಡ್ತಾರೆ?

ಕಳಿಸುವ ಖರ್ಚಿನ ಚಿಂತೆಯೂ ಪತ್ರದಲ್ಲಿತ್ತು. ಪುಸ್ತಕ ಕಳಿಸುವುದಕ್ಕೆಂದೇ ಅಂಚೆ ಇಲಾಖೆ 2025ರ ಮೇ ತಿಂಗಳಿಂದ ಜ್ಞಾನ ಪೋಸ್ಟ್ ಅನ್ನುವ ಸೇವೆ ಶುರು ಮಾಡಿದೆ. 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ಎಂಥ ಪುಸ್ತಕಕ್ಕೆ ಅನ್ವಯ ಅನ್ನುವುದಕ್ಕೆ ನಿಯಮವಿದೆ. ಒಂದು ಪ್ರತಿ ಹಿಡಿದುಕೊಂಡೇ ಅಂಚೆ ಕಚೇರಿಗೆ ಹೋಗಿ ಕೇಳಿ. ಅಂಗಡಿಗೆ ಕೊಟ್ಟರೆ ಕಮಿಷನ್ ಜಾಸ್ತಿಯೇ. ಆದರೂ ನಿಮ್ಮೂರಿನ ಒಂದು ಅಂಗಡಿಯಲ್ಲಿ ಐದು ಪ್ರತಿ ಇಡಿ. ಗ್ರಂಥಾಲಯ ಇಲಾಖೆ ಆಯಾ ವರ್ಷದ ಪುಸ್ತಕಗಳನ್ನು ಕೊಳ್ಳಲು ಅರ್ಜಿ ಕರೆದಾಗ ತಪ್ಪದೆ ಹಾಕಿ. ದುಡ್ಡು ಬರುವುದು ನಿಧಾನ. ಅದನ್ನು ನಂಬಿ ಸಾಲ ತೀರಿಸುವ ಲೆಕ್ಕ ಹಾಕಬೇಡಿ.

ಸದ್ಯಕ್ಕೆ ನಮ್ಮ ಕಚೇರಿಗೆ ಎರಡು ಪ್ರತಿ ಕಳಿಸಿ. ಒಂದು ಪುಸ್ತಕ ಪರಿಚಯದ ಅಂಕಣಕ್ಕೆ. ಇನ್ನೊಂದು ನನಗೆ, 150 ರೂಪಾಯಿ ಕಳಿಸುತ್ತೇನೆ. ಅದರ ಮೇಲೆ ಸಹಿ ಹಾಕಿ. ಪೂರ್ತಿ ಹೆಸರು ಬರೆಯಿರಿ.