2020ರಲ್ಲಿ ಸೌತ್ ಕ್ಯಾರೊಲಿನಾ ಪ್ರೈಮರಿ ಜೋ ಬೈಡನ್‌ಗೆ ಅಷ್ಟೊಂದು ಮುಖ್ಯವಾಗಿದ್ದು ಯಾಕೆ?

ಪ್ರೈಮರಿ ಅಂದರೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ರಾಜ್ಯದಲ್ಲಿ ನಡೆಯುವ ಮತದಾನ. ಅಲ್ಲಿ ಸೋತಿದ್ದರೆ ಬೈಡನ್ ಡೆಮಾಕ್ರಟಿಕ್ ಪಕ್ಷದ ಕಣದಲ್ಲಿ ಉಳಿಯುವುದೇ ಕಷ್ಟವಿತ್ತು. ಅದಕ್ಕೂ ಮುಂಚೆ ಮತದಾನ ನಡೆದ ಅಯೋವಾದಲ್ಲಿ 4ನೇ ಸ್ಥಾನ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ 5ನೇ ಸ್ಥಾನ. ನೆವಾಡಾದಲ್ಲೂ ಮುಖ್ಯ ಎದುರಾಳಿ ಬರ್ನಿ ಸ್ಯಾಂಡರ್ಸ್‌ಗಿಂತ ತುಂಬಾ ಹಿಂದೆ.

ಆದರೆ ಸೌತ್ ಕ್ಯಾರೊಲಿನಾದ ಡೆಮಾಕ್ರಟಿಕ್ ಮತದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕಪ್ಪುವರ್ಣೀಯರು. ಮೊದಲ ಎರಡು ರಾಜ್ಯಗಳಲ್ಲಿ ಇವರ ಸಂಖ್ಯೆ ತೀರಾ ಕಮ್ಮಿ. ಅಲ್ಲಿನ ಫಲಿತಾಂಶ ನೋಡಿಯೇ ತೀರ್ಪು ಕೊಡುವುದು ಸರಿಯಲ್ಲ, ಅಲ್ವಾ? ಮತದಾನಕ್ಕೆ 3 ದಿನ ಮುಂಚೆ ಅದೇ ರಾಜ್ಯದ ಹಿರಿಯ ಕಪ್ಪುವರ್ಣೀಯ ಸಂಸದ ಜಿಮ್ ಕ್ಲೈಬರ್ನ್ ಬೈಡನ್‌ಗೆ ಬೆಂಬಲ ಘೋಷಿಸಿದರು. ‘ಜೋ ನಮಗೆ ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಜೋಗೆ ನಾವು ಗೊತ್ತು’ ಎಂದರು. ಆ ಮಾತು ಜನರಿಗೆ ನಾಟಿತು.

ಫೆಬ್ರವರಿ 29ರಂದು ಬೈಡನ್‌ಗೆ ಸುಮಾರು 48% ಮತ ಬಂತು, ಸ್ಯಾಂಡರ್ಸ್‌ಗೆ ಸುಮಾರು 20%. ಎಲ್ಲಾ 46 ಕೌಂಟಿಗಳೂ ಬೈಡನ್ ಪಾಲು! ಎರಡೇ ದಿನದಲ್ಲಿ ಇತರ ಸ್ಪರ್ಧಿಗಳಾದ ಬುಟಜಿಜ್, ಕ್ಲೋಬುಚಾರ್ ಹಿಂದೆ ಸರಿದು ಅವರ ಬೆನ್ನಿಗೆ ನಿಂತರು. ಹಲವು ರಾಜ್ಯಗಳು ಒಂದೇ ದಿನ ಮತ ಹಾಕುವ ಮಾರ್ಚ್ 3ರ ‘ಸೂಪರ್ ಮಂಗಳವಾರ’ 14 ರಾಜ್ಯಗಳಲ್ಲಿ 10 ಬೈಡನ್‌ಗೇ ಬಂದವು.