ಸೂತ್ರ ಗೊತ್ತಿದೆ, ಲೆಕ್ಕ ಬಿಡಿಸಲಾಗುತ್ತಿಲ್ಲ

ಪ್ರಶ್ನೆ: ನಾನು ಪದವಿಯ ಮೊದಲ ವರ್ಷದಲ್ಲಿದ್ದೇನೆ. ಗಣಿತ ನನಗೆ ಎಂದೂ ತೊಡಕಾಗಿರಲಿಲ್ಲ. ಆದರೆ ಸಂಭವನೀಯತೆಯ ಲೆಕ್ಕಗಳಲ್ಲಿ ಯಾವ ಸೂತ್ರವನ್ನು ಎಲ್ಲಿ ಬಳಸಬೇಕೆಂದೇ ಹೊಳೆಯುವುದಿಲ್ಲ. ಬಿಡಿಸಿಟ್ಟ ಉತ್ತರ ಓದಿದರೆ ಸುಲಭ, ನಾನೇ ಕುಳಿತರೆ ತಪ್ಪು. ಈಗ ಸಂಖ್ಯಾಶಾಸ್ತ್ರದ ಪಾಠಗಳು ಶುರುವಾಗಿವೆ. ಪಿ-ಮೌಲ್ಯವಂತೂ ತಲೆಗೆ ಹತ್ತುತ್ತಿಲ್ಲ. ಇನ್ನಷ್ಟು ಲೆಕ್ಕ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ಲೆಕ್ಕ ಮಾಡಲೇಬೇಕು, ಆದರೆ ಕ್ರಮ ಬದಲಿಸಿ. ಕಲನಶಾಸ್ತ್ರದ ಪ್ರಶ್ನೆ ಏನು ಮಾಡಬೇಕೆಂದು ತಾನೇ ಹೇಳಿಬಿಡುತ್ತದೆ. ಸಂಭವನೀಯತೆಯಲ್ಲಿ ಪ್ರಶ್ನೆಯ ವಾಕ್ಯಗಳನ್ನು ಗಣಿತಕ್ಕೆ ಇಳಿಸುವುದೇ ಮುಕ್ಕಾಲು ಕೆಲಸ. ಆದ್ದರಿಂದ ಸೂತ್ರ ಹುಡುಕುವ ಮೊದಲು, ಸಾಧ್ಯವಿರುವ ಫಲಿತಗಳೇನು, ಅವುಗಳಲ್ಲಿ ನನಗೆ ಬೇಕಾದವು ಯಾವುವು ಎಂದು ಬರೆದುಕೊಳ್ಳಿ.

ಒಂದು ದಾಳವನ್ನು 4 ಬಾರಿ ಎಸೆದರೆ ಒಮ್ಮೆಯಾದರೂ 6 ಬೀಳುವ ಸಂಭವನೀಯತೆ ಎಷ್ಟು? ಅವಸರದಲ್ಲಿ 4/6 ಎಂದು ಬರೆಯುವವರು ಬಹಳ. ಅದೇ ದಾರಿಯಲ್ಲಿ ಹೋದರೆ 7 ಎಸೆತಕ್ಕೆ 7/6 ಬರುತ್ತದೆ, ಸಂಭವನೀಯತೆ 1ನ್ನು ಮೀರುತ್ತದೆ! ‘ಒಮ್ಮೆಯಾದರೂ’ ಎಂಬ ಮಾತು ಕಂಡಾಗ ‘ಒಮ್ಮೆಯೂ ಇಲ್ಲ’ ಎಂಬುದನ್ನು ಲೆಕ್ಕ ಹಾಕಿ: 5/6ರ ನಾಲ್ಕನೇ ಘಾತ ಸುಮಾರು 0.482, ಅದನ್ನು 1ರಿಂದ ಕಳೆದರೆ 0.518. ಎರಡು ದಾಳಗಳನ್ನು 24 ಬಾರಿ ಎಸೆದು ಒಮ್ಮೆಯಾದರೂ ಜೋಡಿ 6 ಪಡೆಯುವ ಸಂಭವನೀಯತೆ 0.491. ಈ ಎರಡರ ನಡುವಿನ ಅಂತರ 1654ರಲ್ಲಿ ಫ್ರೆಂಚ್ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಅವರ ಪತ್ರಗಳಲ್ಲೂ ಚರ್ಚೆಗೆ ಬಂದಿತ್ತು.

ಇಡೀ ಪಠ್ಯದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡಿ ಎನ್ನುವುದು ಷರತ್ತುಬದ್ಧ ಸಂಭವನೀಯತೆಗೆ, ಅಂದರೆ ಒಂದು ವಿಷಯ ಗೊತ್ತಿದ್ದಾಗ ಇನ್ನೊಂದರ ಸಂಭವನೀಯತೆಗೆ. ಒಂದು ರೋಗ ನೂರರಲ್ಲಿ ಒಬ್ಬರಿಗೆ ಇದೆ ಎನ್ನೋಣ. ಪರೀಕ್ಷೆ ರೋಗವಿರುವ 100 ಜನರಲ್ಲಿ 90 ಮಂದಿಯನ್ನು ಪತ್ತೆಹಚ್ಚುತ್ತದೆ. ರೋಗವಿಲ್ಲದ 100 ಜನರಲ್ಲಿ 5 ಮಂದಿಗೆ ತಪ್ಪಾಗಿ ‘ಇದೆ’ ಎನ್ನುತ್ತದೆ. ನಿಮಗೆ ‘ಇದೆ’ ಎಂದು ಬಂದರೆ ರೋಗ ನಿಜವಾಗಿ ಇರುವ ಸಂಭವನೀಯತೆ ಎಷ್ಟು? ಇಂಥ ಪ್ರಶ್ನೆಗೆ ಉತ್ತರ ಕೊಡುವ ಬೇಯ್ಸ್ ಸೂತ್ರವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ತಲೆ ಎಣಿಸಿ. 10,000 ಜನರಲ್ಲಿ 100 ಮಂದಿಗೆ ರೋಗವಿದೆ, ಅವರಲ್ಲಿ 90 ಜನ ಪರೀಕ್ಷೆಯಲ್ಲಿ ಸಿಗುತ್ತಾರೆ. ಉಳಿದ 9,900 ಮಂದಿಯಲ್ಲಿ 495 ಜನರಿಗೆ ಸುಳ್ಳು ಫಲಿತಾಂಶ. ಒಟ್ಟು 585ರಲ್ಲಿ 90, ಅಂದರೆ ಶೇ. 15ರಷ್ಟು ಮಾತ್ರ. ‘ರೋಗವಿದ್ದಾಗ ಪರೀಕ್ಷೆ ಇದೆ ಎನ್ನುವುದು’ ಶೇ. 90, ‘ಪರೀಕ್ಷೆ ಇದೆ ಎಂದಾಗ ರೋಗವಿರುವುದು’ ಶೇ. 15. ಎಣಿಕೆಯನ್ನು ನಿಮ್ಮದೇ ಅಂಕಿಗಳಿಂದ ಹಲವು ಸಲ ಮಾಡಿ. ಬೇಯ್ಸ್ ಸೂತ್ರ ತಾನಾಗಿ ಅದರೊಳಗಿಂದ ಎದ್ದು ಕಾಣುತ್ತದೆ.

ಪಿ-ಮೌಲ್ಯ ನಿಮಗೆ ತಲೆಗೆ ಹತ್ತದಿರುವುದೂ ಇಲ್ಲಿಯೇ. ಶೂನ್ಯ ಕಲ್ಪನೆ (‘ಪರಿಣಾಮವೇನೂ ಇಲ್ಲ’ ಎಂಬಂಥ, ಪರೀಕ್ಷೆಗೊಡ್ಡುವ ಊಹೆ) ನಿಜವೆಂದು ಇಟ್ಟುಕೊಂಡರೆ, ನಮಗೆ ಸಿಕ್ಕಷ್ಟು ಅಥವಾ ಅದಕ್ಕಿಂತ ವಿಪರೀತವಾದ ಫಲಿತಾಂಶ ಬರುವ ಸಂಭವನೀಯತೆಯೇ ಪಿ-ಮೌಲ್ಯ. 0.03 ಬಂದರೆ ‘ಶೂನ್ಯ ಕಲ್ಪನೆ ನಿಜವಾಗಿರುವ ಸಾಧ್ಯತೆ ಶೇ. 3’ ಎಂದು ಓದುವುದು, ಮೇಲಿನ 90ನ್ನೂ 15ನ್ನೂ ಅದಲು ಬದಲು ಮಾಡಿದಂತೆ. ‘ಏನು ಗೊತ್ತಿದ್ದಾಗ, ಯಾವುದರ ಸಂಭವನೀಯತೆ?’ ಎಂದು ಪ್ರತಿ ಲೆಕ್ಕದ ತಲೆಯ ಮೇಲೆ ಬರೆಯಿರಿ.

ಇನ್ನೊಂದು ತೊಡಕು, ಮಾದರಿಯ (ಇಡೀ ಸಮೂಹದಿಂದ ಆರಿಸಿಕೊಂಡ ಕೆಲವು ಅಂಕಿಗಳ) ಸರಾಸರಿ. ಕೈಯಲ್ಲಿರುವುದು ಒಂದೇ ಸಂಖ್ಯೆಯಾದ್ದರಿಂದ ಅದೂ ಬದಲಾಗುವ ಚರ ಎಂಬುದು ಮನಸ್ಸಿಗೆ ಬರುವುದಿಲ್ಲ. ಇದಕ್ಕೆ ಕಂಪ್ಯೂಟರ್ ಬೇಕು. ದಾಳದ 25 ಎಸೆತಗಳ ಸರಾಸರಿ ತೆಗೆಯಿರಿ, ಅದನ್ನೇ ಸಾವಿರ ಬಾರಿ ಮಾಡಿಸಿ, ಬಂದ ಸರಾಸರಿಗಳ ನಕ್ಷೆ ಬಿಡಿಸಿ. ಒಂದು ಎಸೆತದ ಮಾನಕ ವಿಚಲನೆ (ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಸುಮಾರು 1.71, ಸರಾಸರಿಗಳದ್ದು ಅದರ ಐದನೇ ಒಂದರಷ್ಟು, 0.34ರ ಆಸುಪಾಸು ಬರುತ್ತದೆ. 25ರ ಬದಲು 100 ಎಸೆತ ಇಟ್ಟು ನೋಡುವ ಮೊದಲು, ಎಷ್ಟು ಬರಬಹುದೆಂದು ಕಾಗದದ ಮೇಲೆ ಬರೆದಿಡಿ.